ಅವ್ವಾ ಅನ್ನಬೇಡಿ, ರೊಕ್ಕ ಕೊಡಿ

ಹೋದ ಡಿಸೆಂಬರಿನಲ್ಲಿ ಆಫೀಸಿನ ಆರು ಮಂದಿಯನ್ನು ಕಟ್ಟಿಕೊಂಡು ಬಾದಾಮಿಗೆ ಹೋಗಿದ್ದೆ. ಸೀಮೆ ನನ್ನದು, ಹಾಗಾಗಿ ಗೈಡ್ ಕೆಲಸವೂ ನನ್ನದೇ. ಬೆಳಿಗ್ಗೆ ಗುಹೆಗಳನ್ನು ನೋಡಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡು, ಹಸಿವಾದ ಹೊತ್ತಿಗೆ ಐದು ಕಿಲೋಮೀಟರ್ ಆಚೆಯ ಬನಶಂಕರಿಗೆ ಬಂದೆವು. ಚೊಳಚಗುಡ್ಡದ ಆ ಗುಡಿಯ ಮುಂದೆ ಹರಿದ್ರಾ ತೀರ್ಥ ಅನ್ನುವ ದೊಡ್ಡ ಚೌಕ ಹೊಂಡ, ಅದರ ಸುತ್ತ ಕಲ್ಲುಕಂಬಗಳ ಮಂಟಪಸಾಲು. ಹೋದವರಿಗೆಲ್ಲ ಗೊತ್ತಿರುವ ಸಂಗತಿ: ಅಲ್ಲಿ ಊಟ ಹೋಟೆಲಿನಲ್ಲಿಲ್ಲ, ಬುಟ್ಟಿಯಲ್ಲಿದೆ. ಇಳಕಲ್ ಸೀರೆ ಉಟ್ಟ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬಂದು, ಕಂಬದ ನೆರಳಲ್ಲೋ ಮರದ ಬುಡದಲ್ಲೋ ಕೂತು, ಬಂದವರನ್ನು ಕರೆದು ಬಡಿಸುತ್ತಾರೆ.

"ಯವ್ವಾ, ಉಣ್ಣಾಕ ಕುಂದರ್ರಿ. ರೊಟ್ಟಿ ಇನ್ನೂ ಮೆತ್ತಗ ಅದಾವ."

ಕೂತೆವು. ಎರಡು ಜೋಳದ ರೊಟ್ಟಿ, ಎಣಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ, ಅದರ ಮೇಲೆ ಗಟ್ಟಿ ಮೊಸರು, ಕಡೆಗೆ ಒಂದು ಹಿಡಿ ಮೊಸರನ್ನ. ಐವತ್ತು ರೂಪಾಯಿ. ಏಳು ಜನಕ್ಕೆ ಮುನ್ನೂರೈವತ್ತು. ನನ್ನ ಸಹೋದ್ಯೋಗಿಯೊಬ್ಬ, ಒಳ್ಳೆಯವನೇ, ಯಾರಿಗೂ ಕೆಟ್ಟದ್ದು ಬಯಸದವನು, ಎದ್ದು ಕೈ ತೊಳೆದು ಬಂದು ಮುನ್ನೂರು ರೂಪಾಯಿ ಹಿಡಿದು, "ಮುನ್ನೂರು ತಗೊಳಿ ಅಮ್ಮಾ, ನಮ್ಮಮ್ಮನ ಥರಾನೇ ಇದೀರ ನೀವು" ಅಂದ. ಆಕೆ ನಕ್ಕರು, ತಗೊಂಡರು. ಆಮೇಲೆ ಆತ ಆಕೆಯ ಹೆಗಲಿಗೆ ಹೆಗಲು ಕೊಟ್ಟು ಸೆಲ್ಫಿ ತೆಗೆದುಕೊಂಡ. ವಾಪಸು ಬರುವಾಗ ಕಾರಿನಲ್ಲೇ ಅದು ಇನ್‌ಸ್ಟಾಗ್ರಾಂಗೆ ಹೋಯಿತು: ತಾಯಿ ಪ್ರೀತಿಯಿಂದ ಬಡಿಸಿದ ಊಟ, ಬರೀ ಐವತ್ತು ರೂಪಾಯಿಗೆ.

ಅದೂ ಸುಳ್ಳು. ಐವತ್ತು ಆಕೆ ಹೇಳಿದ ಬೆಲೆ. ಆತ ಕೊಟ್ಟದ್ದು ತಲೆಗೆ ಹತ್ತಿರ ಹತ್ತಿರ ನಲವತ್ತಮೂರು.

ನಾನು ಸುಮ್ಮನಿದ್ದೆ. ಇದನ್ನು ಬರೆಯುತ್ತಿರುವುದು ಅದಕ್ಕೇ. ಕಿಸೆಯಿಂದ ಐವತ್ತು ತೆಗೆದು ಕೊಟ್ಟಿದ್ದರೆ ಮುಗಿಯುತ್ತಿತ್ತು, ಕೊಡಲಿಲ್ಲ. ಗುಂಪಿನಲ್ಲಿ ಮುಜುಗರ ಯಾಕೆ ಅಂತಲೋ ಏನೋ. ಹಾಗೆ ಸುಮ್ಮನಿರುವ ಹಕ್ಕು ಬೇರೆ ಯಾರಿಗಿದ್ದರೂ ನನಗಿರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದೇ ಮನುಷ್ಯನ ಜೊತೆ ಎರಡು ವರ್ಷದ ಹಿಂದೆ ಪ್ರಾಜೆಕ್ಟಿನ ಮೇಲೆ ಅಮೆರಿಕದ ಸ್ಯಾನ್ ಡಿಯೇಗೋದಲ್ಲಿದ್ದೆ. ಪೆಸಿಫಿಕ್ ಸಾಗರದ ನಡುವೆ ಗುವಾಂ ಅಂತ ಒಂದು ದ್ವೀಪವಿದೆ, ಅಮೆರಿಕದ ಸುಪರ್ದಿಯಲ್ಲಿರುವುದು. ಅಲ್ಲಿನ ಮೂಲದ ಜನ ಚಮೋರೋಗಳು. ಅಮೆರಿಕದ ನೌಕಾಪಡೆಗೆ ಸೇರಿ ಬಂದ ಕುಟುಂಬಗಳು ಆ ಊರಿನಲ್ಲಿ ಸಾಕಷ್ಟು ನೆಲೆಸಿವೆ. ಅವರದೊಂದು ಪುಟ್ಟ ಹೋಟೆಲಿಗೆ ಒಂದು ಶನಿವಾರ ಹೋದೆವು. ಏಳೆಂಟು ಮೇಜು, ಅಷ್ಟೇ. ಅಚಿಯೋಟೆ ಅನ್ನುವ ಬೀಜದಿಂದ ಬಣ್ಣ ಬರಿಸಿದ ಕೆಂಪನ್ನ; ಸುಟ್ಟ ಕೋಳಿಯನ್ನು ಸಣ್ಣಗೆ ಕೊಚ್ಚಿ ನಿಂಬೆ, ಕೊಬ್ಬರಿ, ಮೆಣಸಿನಕಾಯಿ ಕಲಸಿದ ಕೆಲಗ್ವೆನ್; ಸೋಯಾ ಸಾಸಿಗೆ ಉಳ್ಳಾಗಡ್ಡಿ, ಹುಳಿ, ಖಾರ ಬಿದ್ದ ಫಿನಡೆನಿ. ಕೆಲಗ್ವೆನ್ ಸುತ್ತಿಕೊಂಡು ತಿನ್ನಲು ತೆಳ್ಳನೆಯ ರೊಟ್ಟಿ, ಟಿಟಿಯಾಸ್. ಅದನ್ನು ಮುರಿದು ಬಾಯಿಗಿಟ್ಟಾಗ ನನಗೆ ನಮ್ಮೂರು ನೆನಪಾಯಿತು ಅಂತ ಬರೆದರೆ ಚೆನ್ನಾಗಿರುತ್ತದೆ. ಆದರೆ ಹಾಗೇನೂ ಆಗಲಿಲ್ಲ. ರುಚಿಯಾಗಿತ್ತು, ಹೊಸದಾಗಿತ್ತು, ಎರಡನೇ ಸಲ ಕೇಳಿ ತಿಂದೆ.

ನೆನಪಿಟ್ಟುಕೊಳ್ಳಬೇಕಾದದ್ದು ಬೇರೆ. ಅಲ್ಲಿಯೂ ಬಡಿಸಿದವರು ಅರವತ್ತು ದಾಟಿದ ಹೆಂಗಸೇ. ಪಕ್ಕದ ಮೇಜಿನವರು ಅಜ್ಜಿಯ ಕೈರುಚಿ ಅಂತ ಹೊಗಳುತ್ತಲೂ ಇದ್ದರು. ನಮ್ಮವನೂ ಹೊಗಳಿದ. ಆಮೇಲೆ ಬಿಲ್ ಬಂತು. ಮೆನುವಿನಲ್ಲಿ ಅಚ್ಚಾದ ಬೆಲೆ, ಅದರ ಮೇಲೆ ತೆರಿಗೆ, ಅದರ ಮೇಲೆ ಟಿಪ್ಸ್ ಎಷ್ಟು ಅಂತ ಕೇಳುವ ಯಂತ್ರ. ನೂರಕ್ಕೆ ಹದಿನೆಂಟು ಅನ್ನುವುದನ್ನು ಒತ್ತಿ ಆತ ಹಸನ್ಮುಖಿಯಾಗಿ ಹೊರಬಂದ. ಅಜ್ಜಿ ಥರಾ ಇದೀರ, ಎರಡು ಡಾಲರ್ ಬಿಡಿ ಅಂತ ಅನ್ನಲಿಲ್ಲ. ಅನ್ನಬಹುದು ಅನ್ನುವ ಯೋಚನೆಯೇ ಅವನ ತಲೆಗೆ ಬಂದಿರಲಿಕ್ಕಿಲ್ಲ.

ಮನುಷ್ಯ ಒಬ್ಬನೇ, ಕಿಸೆ ಒಂದೇ, ಬಾಯಲ್ಲಿ ಬರುವ ಹೊಗಳಿಕೆಯೂ ಒಂದೇ. ಅಲ್ಲಿ ಹೊಗಳಿಕೆ ರೊಕ್ಕದ ಜೊತೆಗೆ ಹೋಯಿತು, ಇಲ್ಲಿ ರೊಕ್ಕದ ಬದಲಿಗೆ. ಬನಶಂಕರಿಯ ಊಟದ ಬಗ್ಗೆ ನಾವು ಬರೆಯುವ, ವಿಡಿಯೋ ಮಾಡುವ, ಮೆಲುಕು ಹಾಕುವ ಮುಕ್ಕಾಲು ಪಾಲು ಮಾತು ಈ ಬದಲಿ ವ್ಯಾಪಾರವೇ ಅನ್ನುವುದು ನನ್ನ ತಕರಾರು. ತಾಯಿ ಅಂತ ಕರೆದು ಬಿಟ್ಟರೆ ಕೂಲಿಯ ಲೆಕ್ಕ ತಪ್ಪುತ್ತದೆ. ತಾಯಿಗೆ ಯಾರಾದರೂ ಕೂಲಿ ಕೊಡುತ್ತಾರಾ?

ಉಡುಪಿ ಹೋಟೆಲಿನ ದೋಸೆ ತಿಂದು "ಆಹಾ, ತಂದೆಯ ಪ್ರೀತಿ" ಅಂದವರನ್ನು ನಾನು ಈತನಕ ಕಂಡಿಲ್ಲ. ಅಲ್ಲಿ ದೋಸೆ ಹುಯ್ಯುವವರು ಭಟ್ಟರು, ಇಲ್ಲವೇ ಮಾಸ್ಟರು. ನಕ್ಷತ್ರದ ಹೋಟೆಲಿಗೆ ಹೋದರೆ ಶೆಫ್. ಎಂ.ಟಿ.ಆರ್. 1924ರಲ್ಲಿ ಶುರುವಾಯಿತು, ಅದರ ಕತೆ ಹೇಳುವಾಗ ಶಿಸ್ತು, ಶುಚಿ, ಹೊಸ ಪ್ರಯೋಗ, ವ್ಯವಹಾರದ ಜಾಣತನ ಎಲ್ಲ ಹೇಳುತ್ತೇವೆ, ಹೇಳಬೇಕು ಕೂಡ. ಗಂಡಸು ಅಟ್ಟರೆ ಅದು ಕಸುಬು. ಹೆಂಗಸು ಅಟ್ಟರೆ ಅದು ಮಮತೆ. ಕಸುಬಿಗೆ ದರಪಟ್ಟಿ ಇರುತ್ತದೆ, ಗೋಡೆಯ ಮೇಲೆ ತೂಗುಹಾಕಿರುತ್ತಾರೆ. ಮಮತೆಗೆ ದರಪಟ್ಟಿ ಹಾಕಿದರೆ ನಮಗೆ ಬೇಸರವಾಗುತ್ತದೆ. ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಟಿಕೆಟ್ ಕಿಟಕಿಯ ಮುಂದೆ ನಿಂತು "ನಮ್ಮಣ್ಣನ ಥರಾ ಇದೀಯಪಾ, ಇಪ್ಪತ್ತು ಕಮ್ಮಿ ಮಾಡು" ಅನ್ನಿ ನೋಡೋಣ.

ನನಗೆ ಈ ಹಕ್ಕಿಲ್ಲ ಅಂದೆನಲ್ಲ, ಅದರ ವಿಷಯ.

ನನ್ನವ್ವ ಇಳಕಲ್ಲಿನಲ್ಲಿ ಒಂದು ಖಾನಾವಳಿಗೆ ರೊಟ್ಟಿ ಬಡಿಯುತ್ತಿದ್ದಳು. ಖಾನಾವಳಿಯಲ್ಲಿ ಕೆಲಸಕ್ಕಿದ್ದಳು ಅಂತಲ್ಲ. ಮನೆಯಲ್ಲೇ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಹನ್ನೊಂದಕ್ಕೆ ಒಯ್ದು ಕೊಟ್ಟು ಬರುವುದು. ನಾನು ಆರನೆಯ ಇಯತ್ತೆಯಲ್ಲಿದ್ದಾಗ ರೊಟ್ಟಿಗೆ ನಾಲ್ಕಾಣೆ. ದಿನಕ್ಕೆ ನೂರು ರೊಟ್ಟಿ ಬಡಿದರೆ ಇಪ್ಪತ್ತೈದು ರೂಪಾಯಿ. ಹಿಟ್ಟು ಖಾನಾವಳಿಯದು, ಕಟ್ಟಿಗೆ ನಮ್ಮದು. ಒಯ್ದ ರೊಟ್ಟಿಯನ್ನು ಒಂದೊಂದಾಗಿ ಎಣಿಸಿಕೊಳ್ಳುತ್ತಿದ್ದರು, ಅಂಚು ಸೀಳಿದ ರೊಟ್ಟಿ ಲೆಕ್ಕಕ್ಕಿಲ್ಲ, ಅದರ ಹಿಟ್ಟಿನ ರೊಕ್ಕವೂ ಮುರಿತ. ಸೀಳಿದ ರೊಟ್ಟಿ ಮನೆಗೆ ವಾಪಸು ಬರುತ್ತಿತ್ತು. ನಾನೂ ನನ್ನ ತಮ್ಮನೂ ಬೆಳೆದದ್ದು ಸೀಳಿದ ರೊಟ್ಟಿ ತಿಂದು. ಇಡೀ ರೊಟ್ಟಿ ಹಬ್ಬಕ್ಕೆ. ಎಷ್ಟೋ ವರ್ಷಗಳ ತನಕ ರೊಟ್ಟಿ ಅಂದರೆ ಒಂದು ಕಡೆ ಹರಿದಿರಬೇಕು ಅಂತಲೇ ನನ್ನ ತಮ್ಮ ತಿಳಿದುಕೊಂಡಿದ್ದ.

ಆ ಖಾನಾವಳಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿತ್ತು, ಮನೆ ಊಟದ ರುಚಿ ಅಂತ. ಮನೆ ನಮ್ಮದಾಗಿತ್ತು, ರುಚಿ ಅವರದು.

ರೊಟ್ಟಿ ಬಡಿಯುವುದು ಎಂಥ ಕೆಲಸ ಅಂತ ಹೊಗಳುವವರಿಗೆ ಗೊತ್ತಿದೆಯೋ ಇಲ್ಲವೋ. ಗೋಧಿಯಲ್ಲಿ ಗ್ಲುಟೆನ್ ಇದೆ, ನಾದಿದರೆ ಎಳೆ ಹಿಡಿಯುತ್ತದೆ, ಲಟ್ಟಣಿಗೆಗೆ ಬಾಗುತ್ತದೆ. ಜೋಳದಲ್ಲಿ ಅದಿಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಸುರಿದು, ಪಿಷ್ಟವನ್ನು ಅರೆ ಬೇಯಿಸಿ ಜಿಗಿ ಹುಟ್ಟಿಸಬೇಕು, ಆ ಬಿಸಿ ಆರುವ ಮೊದಲೇ ಅಂಗೈಯಿಂದ ನಾದಬೇಕು. ಹಿಟ್ಟು ಹಳತಾದರೆ ಜಿಗಿ ಸತ್ತಿರುತ್ತದೆ, ಎಷ್ಟು ನಾದಿದರೂ ಅಂಚು ಒಡೆಯುತ್ತದೆ. ಆಮೇಲೆ ಬಡಿಯುವುದು. ಕೈ ತಟ್ಟುವ ಏಟಿಗೇ ರೊಟ್ಟಿ ತಿರುಗುತ್ತ ಅಗಲವಾಗಬೇಕು, ನಡುವೆ ದಪ್ಪ ಉಳಿಯಬಾರದು, ಅಂಚು ಕಾಗದದಂತಾಗಬೇಕು. ಎತ್ತಿ ಹಂಚಿಗೆ ಹಾಕುವಾಗ ಮಡಿಚಬಾರದು. ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೈಗೆ ನೀರು ಸವರಬೇಕು, ನೀರು ಆರುವ ಸರಿಯಾದ ಗಳಿಗೆಗೆ ಮಗುಚಬೇಕು. ತಡವಾದರೆ ಉಬ್ಬುವುದಿಲ್ಲ, ಬೇಗನಾದರೆ ಹಸಿ. ಇದನ್ನು ನೂರು ಸಲ. ಅವ್ವನ ಬಲಭುಜ ನಲವತ್ತೈದಕ್ಕೇ ಮೇಲೆ ಏಳದಾಯಿತು. ತಲೆ ಬಾಚಿಕೊಳ್ಳಲು ಆಕೆಗೆ ಎಡಗೈಯೇ ಗತಿ. ಹೊಗೆಗೆ ಕಣ್ಣು ಹೇಗಾಗಿದ್ದವು ಅನ್ನುವುದನ್ನು ಬಿಡೋಣ.

ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಅವ್ವ ಕಲಿಸಲಿಲ್ಲ. ಒಮ್ಮೆ ಪರಾತದ ಮುಂದೆ ಕೂತು ಕೈ ಹಾಕಿದ್ದಕ್ಕೆ ಹಿಟ್ಟಿನ ಕೈಯಲ್ಲೇ ಬಾರಿಸಿದಳು. "ಇದನ್ನ ಕಲತಿ ಅಂದ್ರ ಇದನ್ನ ಮಾಡಸ್ತಾರ. ಏಳು, ಪುಸ್ತಕ ಹಿಡಿ" ಅಂದಳು.

ಆಗಾಗ ಪತ್ರಿಕೆಗಳಲ್ಲಿ ಒಂದು ಬಗೆಯ ಶೋಕಗೀತೆ ಬರುತ್ತಿರುತ್ತದೆ. ಕೈರೊಟ್ಟಿ ಮರೆಯಾಗುತ್ತಿದೆ, ಈಗಿನ ಹುಡುಗಿಯರಿಗೆ ಬಡಿಯಲು ಬರುವುದಿಲ್ಲ, ಮಶೀನು ಬಂದು ರುಚಿ ಹೋಯಿತು, ಇತ್ಯಾದಿ. ಬರೆದವರು ಹೆಚ್ಚಾಗಿ ಗಂಡಸರು, ತಿಂದು ಬೆಳೆದವರು. ನನಗೆ ಇದನ್ನು ಓದಿದಾಗಲೆಲ್ಲ ಅವ್ವನ ಭುಜ ಕಣ್ಣಿಗೆ ಬರುತ್ತದೆ. ಯಾವ ಹುಡುಗಿ ಯಾಕೆ ಕಲಿಯಬೇಕು? ಐ.ಟಿ.ಐ. ಕಲಿತರೆ ಇಷ್ಟು ಸಂಬಳ, ನರ್ಸಿಂಗ್ ಕಲಿತರೆ ಇಷ್ಟು ಅಂತ ಹೇಳುತ್ತೀರಿ. ಹತ್ತು ವರ್ಷ ಪಳಗಿದ ಕೈಗೆ ಮಾತ್ರ ಬರುವ ಈ ವಿದ್ಯೆ ಕಲಿತರೆ ಎಷ್ಟು ಅಂತ ಮೊದಲು ಹೇಳಿ, ಆಮೇಲೆ ಅಳಿ. ಕಲಬುರಗಿಯಲ್ಲಿ ಮಹಿಳಾ ಸಂಘಗಳು ಒಟ್ಟಾಗಿ ಯಂತ್ರವನ್ನೂ ಬಳಸಿಕೊಂಡು ಒಂದೇ ಹೆಸರಿನಡಿ ರೊಟ್ಟಿ ಮಾರಲು ಶುರುಮಾಡಿದಾಗ, ಅಯ್ಯೋ ಕೈಗುಣ ಹೋಯಿತು ಅಂತ ಮರುಗಿದವರನ್ನು ಬಲ್ಲೆ. ನಾನಂತೂ ಕುಣಿದಾಡಿದೆ. ಯಂತ್ರಕ್ಕೆ ಭುಜ ಇರುವುದಿಲ್ಲ.

ಇನ್ನೊಂದು ಗುಂಪು ಈ ಊಟವನ್ನು ಮಣ್ಣಿನ ಹೆಸರಲ್ಲಿ ಹೊಗಳುತ್ತದೆ. ಇದು ನಮ್ಮ ನೆಲದ್ದು, ಸಾವಿರಾರು ವರ್ಷದ ಅಪ್ಪಟ ಊಟ, ಹೊರಗಿನ ಸೋಂಕಿಲ್ಲದ್ದು. ತಟ್ಟೆಯನ್ನು ಸ್ವಲ್ಪ ನೋಡಿ. ಜೋಳ ಆಫ್ರಿಕದಿಂದ ಬಂದದ್ದು, ಬಹಳ ಹಿಂದೆ ಬಂದು ನಮ್ಮದಾಯಿತು. ಗುರೆಳ್ಳು ಇಥಿಯೋಪಿಯಾದ ಕಡೆಯದು. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗುಗಳು ಬರುವ ಮೊದಲು ಈ ಸೀಮೆಯಲ್ಲಿ ಕೆಂಪು ಖಾರವೂ ಇರಲಿಲ್ಲ, ಶೇಂಗಾ ಹಿಂಡಿಯೂ ಇರಲಿಲ್ಲ. ಕ್ರಿ.ಶ. 578ರಲ್ಲಿ ಮಂಗಳೇಶ ಬಾದಾಮಿಯ ವೈಷ್ಣವ ಗುಹೆಯನ್ನು ಕೊರೆಯಿಸಿದನಲ್ಲ, ಆ ಕಲ್ಲುಕುಟಿಗರ ಬುತ್ತಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇರಲಿಲ್ಲ. ಆ ಸ್ಯಾನ್ ಡಿಯೇಗೋ ತಟ್ಟೆಯದೂ ಇದೇ ಕತೆ. ಅಚಿಯೋಟೆಯೂ ಮೆಕ್ಕೆಜೋಳವೂ ಮೆಕ್ಸಿಕೋದಿಂದ ಸ್ಪೇನಿನವರ ಹಡಗಿನಲ್ಲಿ ಗುವಾಂ ಮುಟ್ಟಿದವು, ಟಿಟಿಯಾಸ್ ಅನ್ನುವ ಹೆಸರೇ ಟೋರ್ಟಿಯಾದ ಮೊಮ್ಮಗಳು. ಹಾಗಂತ ಅದು ಚಮೋರೋ ಊಟವಲ್ಲ ಅನ್ನಲಾಗುತ್ತದೆಯೇ? ಒಂದು ಊಟ ಒಂದು ಜನದ್ದಾಗುವುದು ಕಾಳು ಎಲ್ಲಿ ಹುಟ್ಟಿತು ಅನ್ನುವುದರಿಂದಲ್ಲ, ಯಾರ ಕೈ ಅದನ್ನು ಪಳಗಿಸಿತು ಅನ್ನುವುದರಿಂದ. ಹಾಗಿದ್ದ ಮೇಲೆ ಮಣ್ಣನ್ನು ಹೊಗಳಿ ಕೈಯನ್ನು ಮರೆಯುವುದು ಎಂಥ ಲೆಕ್ಕ?

ಮಣ್ಣಿನ ಹೊಗಳಿಕೆಗೆ 2023ರಲ್ಲಿ ಸುಗ್ಗಿ. ವಿಶ್ವಸಂಸ್ಥೆ ಆ ವರ್ಷವನ್ನು ಭಾರತದ ಪ್ರಸ್ತಾಪದ ಮೇಲೆಯೇ ಸಿರಿಧಾನ್ಯಗಳ ವರ್ಷ ಅಂತ ಸಾರಿತ್ತು. ನಮ್ಮ ಕಂಪನಿಯ ಕ್ಯಾಂಟೀನಿನಲ್ಲಿ ಕೂಡ ಜೋಳದ ಪಿಜ್ಜಾ ಬಂತು. ಬೆಂಗಳೂರಿನ ಬನಶಂಕರಿಯಲ್ಲಿ, ಹೌದು, ನಾನು ಇರುವುದು ಆ ಬನಶಂಕರಿಯಲ್ಲಿ, ಮೂರನೇ ಹಂತ, ಉತ್ತರ ಕರ್ನಾಟಕದ ಊಟ ಅಂತ ಬೋರ್ಡು ಹಾಕಿದ ಒಂದು ಹೋಟೆಲಿನಲ್ಲಿ ಬನಶಂಕರಿ ಸ್ಪೆಷಲ್ ಥಾಲಿ ಅಂತ ಮೆನುವಿಗೆ ಸೇರಿತು. ಇನ್ನೂರ ಎಂಬತ್ತು ರೂಪಾಯಿ. ಅದೇ ಎಣಗಾಯಿ, ಅದೇ ಹಿಂಡಿ, ರೊಟ್ಟಿ ಮಾತ್ರ ಸ್ವಲ್ಪ ಚರ್ಮದಂತೆ. ಅಲ್ಲಿ ಚೌಕಾಸಿ ಮಾಡಿದವರನ್ನು ನಾನು ನೋಡಿಲ್ಲ. ಗೋಡೆಯ ಮೇಲೆ ಬುಟ್ಟಿ ಹೊತ್ತ ಹೆಂಗಸಿನ ದೊಡ್ಡ ಫೋಟೋ ಇತ್ತು. ಬುಟ್ಟಿಯ ಚಿತ್ರಕ್ಕೆ ಇನ್ನೂರ ಎಂಬತ್ತು, ಬುಟ್ಟಿಗೆ ನಲವತ್ತಮೂರು.

ಆ ವರ್ಷ ಕೇಂದ್ರ ಸರಕಾರ ಮಾಲದಂಡಿ ಜೋಳಕ್ಕೆ ಕ್ವಿಂಟಲ್‌ಗೆ 3225 ರೂಪಾಯಿ ಬೆಂಬಲ ಬೆಲೆ ಹೇಳಿತ್ತು, ಮರುವರ್ಷ 3421. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಆಯ್ದು ಬೆಳೆಸಿದ ಈ ತಳಿಯೇ ನಮ್ಮ ಎರೆ ಹೊಲಗಳ ಹಿಂಗಾರಿನ ರೊಟ್ಟಿ ಜೋಳ. ಅದಕ್ಕೆ ಬೆಲೆ ಏರಿದರೆ ರೈತನಿಗೆ ಒಳ್ಳೆಯದೇ, ಇನ್ನೂ ಏರಲಿ. ಜೋಳದ ಬೆಲೆ ಎಷ್ಟಿರಬೇಕು ಅಂತ ಹೇಳಲು ಒಂದು ಆಯೋಗವಾದರೂ ಇದೆ. ಆ ಜೋಳ ರೊಟ್ಟಿಯಾಗಲು ಬೀಳುವ ಕೈಗೆ ಎಷ್ಟು ಅಂತ ಹೇಳುವವರು ಯಾರೂ ಇಲ್ಲ. ಜೋಳ ಏರಿತು, ಎಣ್ಣೆ ಏರಿತು, ಸಿಲಿಂಡರ್ ಏರಿತು ಅಂತ ಹೋಟೆಲಿನವರು ಸಂಘ ಕಟ್ಟಿಕೊಂಡು ಕಾಫಿಗೆ ಎರಡು ರೂಪಾಯಿ ಏರಿಸಿದರೆ ಸುದ್ದಿಯಾಗುತ್ತದೆ, ಬೈಯುತ್ತ ಕೊಡುತ್ತೇವೆ. ಬುಟ್ಟಿಯ ಹೆಂಗಸು ಹತ್ತು ರೂಪಾಯಿ ಏರಿಸಿದರೆ? "ಮೊದಲಿನಂಗಿಲ್ಲ ಬಿಡ್ರಿ, ಈಗ ಎಲ್ಲಾ ಕಮರ್ಶಿಯಲ್ ಆಗೇತಿ."

ಈ ಕಮರ್ಶಿಯಲ್ ಅನ್ನುವ ಬೈಗುಳ ನನಗೆ ಬಹಳ ಸೋಜಿಗ. ನಸುಕಿನ ನಾಲ್ಕಕ್ಕೆ ಎದ್ದು, ಎರಡು ಹಂಚಿನಲ್ಲಿ ರೊಟ್ಟಿ ಬೇಯಿಸಿ, ಹತ್ತು ಕಿಲೋ ಬುಟ್ಟಿ ಹೊತ್ತು ನಡೆದು ಬಂದವರು ಏನೆಂದುಕೊಂಡಿದ್ದೀರಿ, ಹವ್ಯಾಸಕ್ಕೆ ಬಂದಿದ್ದಾರೆ ಅಂತಲೇ?

ಇಲ್ಲಿ ಇಬ್ಬರು ನನ್ನ ಕೈ ಹಿಡಿದು ನಿಲ್ಲಿಸುತ್ತಾರೆ. ಒಬ್ಬರು ಹೇಳುವುದು, ಶುಚಿತ್ವದ ಮಾತು ಯಾಕೆ ಎತ್ತಲಿಲ್ಲ, ಬಯಲಲ್ಲಿ ಮಾರುವುದನ್ನು ನಿಲ್ಲಿಸಿ ಒಂದು ಫುಡ್ ಕೋರ್ಟ್ ಕಟ್ಟಿಸಿ ಒಳಗೆ ಕೂಡ್ರಿಸಿದರೆ ಆಯಿತಲ್ಲ ಅಂತ. ಇದಕ್ಕೆ ಹೆಚ್ಚು ಹೊತ್ತು ಕೊಡಲಾರೆ. ನಳ, ನೆರಳು, ಶೌಚಾಲಯ ಮಾಡಿಕೊಡಿ, ಯಾರು ಬೇಡ ಅಂದರು. ಸಣ್ಣ ತಿಂಡಿ ವ್ಯಾಪಾರಿಗಳು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸುವ ವ್ಯವಸ್ಥೆ ಇದೆ, ಕೈಹಿಡಿದು ಮಾಡಿಸಿಕೊಡಿ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲಿ ಕಾಯ್ದೆಯೇ ಬಂತು, ಆದರೆ ಅದನ್ನು ಬರೆದದ್ದು ಪಟ್ಟಣ, ನಗರಗಳನ್ನು ಕಣ್ಣ ಮುಂದಿಟ್ಟುಕೊಂಡು. ಚೊಳಚಗುಡ್ಡ ಹಳ್ಳಿ. ಕಂಬದ ನೆರಳಿನ ಜಾಗಕ್ಕೆ ಆಕೆಯ ಬಳಿ ಇರುವ ಹಕ್ಕುಪತ್ರ ಅಂದರೆ ನಿನ್ನೆಯೂ ಅಲ್ಲೇ ಕೂತಿದ್ದಳು ಅನ್ನುವುದಷ್ಟೇ. ಫುಡ್ ಕೋರ್ಟ್ ಕಟ್ಟಿದ ದಿನ ಬಾಡಿಗೆ ಹುಟ್ಟುತ್ತದೆ. ಬಾಡಿಗೆ ಕಟ್ಟಬಲ್ಲವನು ಕೌಂಟರಿನಲ್ಲಿ ಕೂರುತ್ತಾನೆ, ಆಕೆ ಮತ್ತೆ ಹಿತ್ತಲಲ್ಲಿ ರೊಟ್ಟಿ ಎಣಿಸಿ ಕೊಡುತ್ತಾಳೆ. ಸೀಳಿದ್ದು ಲೆಕ್ಕಕ್ಕಿಲ್ಲ.

ಎರಡನೆಯವರ ಮಾತು ಗಟ್ಟಿಯಾದದ್ದು. ನೀನು ಕಾರಿನಲ್ಲಿ ಬಂದವಳು, ನೂರು ಕೊಡಬಲ್ಲೆ. ಬನದ ಹುಣ್ಣಿಮೆಗೆ ನಡೆದು ಬರುವ ಬಡವರು ಏನು ಮಾಡಬೇಕು, ಅವರ ಊಟ ಕಿತ್ತುಕೊಳ್ಳುತ್ತೀಯಾ ಅಂತ ಕೇಳುತ್ತಾರೆ. ಈ ಪ್ರಶ್ನೆಯ ಜೊತೆ ನಾನು ಬಹಳ ದಿನ ಒದ್ದಾಡಿದ್ದೇನೆ. ಶಾಕಂಬರಿಯ ಕತೆ ಗೊತ್ತಲ್ಲ. ನೂರು ವರ್ಷ ಮಳೆ ಇಲ್ಲದೆ ಲೋಕ ಹಸಿದಾಗ ದೇವಿ ತನ್ನ ಮೈಯಿಂದಲೇ ಕಾಯಿಪಲ್ಯ ಹುಟ್ಟಿಸಿ ಸಾಕಿದಳು ಅನ್ನುತ್ತದೆ ಪುರಾಣ. ಬನಶಂಕರಿ ಅಂದರೆ ಅವಳೇ. ಅದಕ್ಕೇ ಜಾತ್ರೆಯ ಹೊತ್ತಿಗೆ ಪಲ್ಲೇದ ಹಬ್ಬ, ನೂರೆಂಟು ಬಗೆಯ ಪಲ್ಯದ ನೈವೇದ್ಯ. ಅಂಥ ದೇವಿಯ ಮುಂದೆ ಅನ್ನಕ್ಕೆ ಬೆಲೆ ಕಟ್ಟುವುದೇ ಅಂತ ಯಾರಿಗಾದರೂ ಅನ್ನಿಸಿದರೆ ಅದು ಕುಹಕವಲ್ಲ, ನಂಬಿಕೆ.

ಆದರೆ ಮೈಯಿಂದ ಲೋಕವನ್ನು ಸಾಕುವುದು ದೇವಿಯ ಕೆಲಸ. ರೊಟ್ಟಿಯ ಹೆಂಗಸಿಗೆ ಇರುವುದು ಒಂದೇ ಮೈ, ಅದಕ್ಕೆ ಎರಡೇ ಭುಜ. ಹಸಿದವರಿಗೆ ಪುಕ್ಕಟೆ ಉಣ್ಣಿಸುವುದಕ್ಕೆ ಈ ಸೀಮೆಯಲ್ಲಿ ಬೇರೆ ಪದವಿದೆ, ದಾಸೋಹ. ಇಲ್ಲಿಂದ ದೂರವಲ್ಲದ, ಹುನಗುಂದ ತಾಲೂಕಿನ ಕೂಡಲಸಂಗಮದ ಹೆಸರು ಹೇಳುವವರಿಗೆ ದಾಸೋಹದ ಪಕ್ಕದ ಪದವೂ ಗೊತ್ತಿರಬೇಕು, ಕಾಯಕ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ವಾಪಸು ಸುರಿದು ಬಾ ಅಂತ ಕಳಿಸಿದವಳು. ನಾವು ಆ ಕತೆಯನ್ನು ನಿರಾಸೆಯ, ವೈರಾಗ್ಯದ ಕತೆಯಾಗಿ ಮಾತ್ರ ಹೇಳುತ್ತೇವೆ. ನನಗೆ ಅವಳು ಅಳತೆ ಬಲ್ಲ ಹೆಂಗಸಾಗಿ ಕಾಣುತ್ತಾಳೆ. ತನ್ನ ಮನೆಯ ದಾಸೋಹಕ್ಕೆ ಎಷ್ಟು ಬೇಕು ಅನ್ನುವುದನ್ನು ನಿಶ್ಚಯಿಸಿದವಳು ಅವಳೇ, ಉಣ್ಣಲು ಬಂದವರಲ್ಲ.

ಬನಶಂಕರಿಯ ಹೆಂಗಸರಿಗೂ ಈ ಅಳತೆ ಗೊತ್ತು. ನಾವು ಉಣ್ಣುತ್ತಿದ್ದಾಗಲೇ ನಮ್ಮ ಪಕ್ಕದಲ್ಲಿ ಒಬ್ಬ ಮುದುಕ ಬಂದು ಕೂತ, ಚಪ್ಪಲಿ ಇರಲಿಲ್ಲ, ಕೈಯಲ್ಲೊಂದು ಕೋಲು. ಆಕೆ ಒಂದು ರೊಟ್ಟಿ ಮುರಿದು, ಪಲ್ಯ ಹಾಕಿ, ಮಾತಿಲ್ಲದೆ ಮುಂದಿಟ್ಟರು. ಆತ ಉಂಡು ಕೈ ಮುಗಿದು ಎದ್ದು ಹೋದ. ರೊಕ್ಕದ ಮಾತು ಬರಲಿಲ್ಲ. ಅದಾಗಿ ಕಾಲು ತಾಸಿಗೆ ನಮ್ಮವನು ಐವತ್ತು ರೂಪಾಯಿ ಹೊಡೆದ. ಯಾರಿಗೆ ಬಿಡಬೇಕು, ಎಷ್ಟು ಬಿಡಬೇಕು ಅನ್ನುವುದು ಬಡಿಸುವವರ ದೊಡ್ಡಸ್ತಿಕೆ. ಅದನ್ನು ಕೊಳ್ಳುವವನು ತನ್ನ ಕೈಯಾರೆ ಎತ್ತಿಕೊಂಡರೆ ಅದಕ್ಕೆ ಬೇರೆ ಹೆಸರಿದೆ. ಬಡವರ ಹೆಸರು ಹೇಳಿ ಬೆಲೆ ಇಳಿಸುವವರು ಬಡವರಲ್ಲ, ಇದನ್ನು ಯಾವ ಜಾತ್ರೆಯಲ್ಲಾದರೂ ನಿಂತು ನೋಡಬಹುದು.

ಅವ್ವನಿಗೆ ಆ ಸೆಲ್ಫಿಯ ಕತೆ ಫೋನಿನಲ್ಲಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಕೇಳಿದ್ದು, "ರೊಟ್ಟಿ ಹೆಂಗಿದ್ದೂ?" ಅಂತ. ಚಲೋ ಇದ್ದವು, ಅಂಚು ಒಂದೂ ಸೀಳಿರಲಿಲ್ಲ ಅಂದೆ. "ಹಂಗಾರ ಹೊಸಾ ಜ್ವಾಳ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏಳು ಮಂದಿಗೆ ಹದಿನಾಲ್ಕು ರೊಟ್ಟಿ. ಐವತ್ತು ರೂಪಾಯಿ ಬಿಟ್ಟಳಂದ್ರ ಅಕಿಗೆ ಅವತ್ತಿನ ಕಟಿಗಿ ರೊಕ್ಕ ಹೋತು" ಅಂದಳು. ಮೂವತ್ತು ವರ್ಷವಾದರೂ ಆಕೆಯ ತಲೆಯಲ್ಲಿ ಲೆಕ್ಕ ನಡೆದೇ ಇದೆ.

ಫೆಬ್ರವರಿಯಲ್ಲಿ ಇಳಕಲ್ಲಿಗೆ ಹೋದಾಗ ಅವ್ವನನ್ನು ಕರೆದುಕೊಂಡು ಬನಶಂಕರಿಗೆ ಹೋದೆ. ಜಾತ್ರೆಯ ಗದ್ದಲ ಇಳಿದಿತ್ತು, ಒಂದೆರಡು ನಾಟಕದ ಟೆಂಟು ಬಿಚ್ಚುತ್ತಿದ್ದರು. ಅದೇ ಹೆಂಗಸು ಅದೇ ಕಂಬಕ್ಕೆ ಒರಗಿ ಕೂತಿದ್ದರು. ನನ್ನ ಗುರುತು ಸಿಗಲಿಲ್ಲ, ಸಿಗಬೇಕಾದ್ದೂ ಇಲ್ಲ. ಅವ್ವ ಕೂತವಳೇ ಮೊದಲು ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿದಳು, ದರ್ಜಿ ಬಟ್ಟೆ ನೋಡುವಂತೆ.

"ದಿನಕ್ಕ ಎಷ್ಟು ಬಡೀತಿ?"

"ಅರವತ್ತು. ಐತವಾರ ಎಂಬತ್ತು."

"ಭುಜಾ?"

ಆಕೆ ಬಲಭುಜ ಮುಟ್ಟಿಕೊಂಡು ನಕ್ಕರು. ಇಬ್ಬರೂ ಆಮೇಲೆ ಎಸರಿನ ಬಿಸಿ, ಮಾಲದಂಡಿಯ ಜಿಗಿ, ಗ್ಯಾಸಿನ ಒಲೆಯ ಮೇಲೆ ರೊಟ್ಟಿ ಯಾಕೆ ಸುಡುತ್ತದೆ ಅಂತ ಮಾತಾಡುತ್ತ ಕೂತರು. ನನಗೆ ಅದರಲ್ಲಿ ಪಾಲಿರಲಿಲ್ಲ, ನಾನು ಉಣ್ಣುತ್ತಿದ್ದೆ. ಎರಡು ಮುಗಿದ ಮೇಲೆ ಮೂರನೆಯದು ತಟ್ಟೆಗೆ ಬಿತ್ತು.

"ಊಟ ಅರವತ್ತು ಮಾಡೀನ್ರಿ ಹುಣ್ಣಿವಿ ಆದ ಮ್ಯಾಲ" ಅಂದರು ಆಕೆ. "ಮೂರನೇ ರೊಟ್ಟಿಗೆ ಹದಿನೈದು ಬ್ಯಾರೆ."

ಎಷ್ಟಾಯಿತು ಅಂತ ಕೇಳಿದೆ. ಆಕೆ ಬೆರಳು ಮಡಿಸಿ ಎಣಿಸತೊಡಗಿದರು, ಅಷ್ಟರಲ್ಲಿ ಅವ್ವ ಎಣಿಸಿ ಮುಗಿಸಿದ್ದಳು.